ಹೋಟೆಲ್ ರೂಮಲ್ಲಿ ಕದ್ದು ಇಟ್ಟಿರೋ ಕ್ಯಾಮೆರಾ ಹುಡುಕೋದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ರೂಮಿಗೆ ಕಾಲಿಟ್ಟ ತಕ್ಷಣ ಯಾವುದೋ ಡಿಟೆಕ್ಟರ್ ಆಪ್ ಓಪನ್ ಮಾಡಿ, ನಾಲ್ಕು ಗೋಡೆಗೂ ಆರತಿ ಎತ್ತಿದ ಹಾಗೆ ಫೋನ್ ತಿರುಗಿಸಿ, ಬೀಪ್ ಬರ್ಲಿಲ್ಲ ಅಂದ್ರೆ ನಿಶ್ಚಿಂತೆಯಾಗಿ ಮಲಗೋದು, ಬಂತು ಅಂದ್ರೆ ಗಾಬರಿ ಬೀಳೋದು. ನಂಗೆ ಗೊತ್ತಿರೋ ಹತ್ತು ಜನರಲ್ಲಿ ಎಂಟು ಜನ ಮಾಡೋದು ಇಷ್ಟೇ. ಅಂಥ ಆಪ್‌ಗಳಲ್ಲಿ ತುಂಬಾನೇ ಫೋನಿನ ಒಳಗಿರೋ ದಿಕ್ಸೂಚಿ ಸೆನ್ಸರ್ ಬಳಸ್ತಾವೆ, ಹಾಗಾಗಿ ಮಂಚದ ಕಬ್ಬಿಣಕ್ಕೂ ಬೀಪ್ ಬರುತ್ತೆ, ಗೋಡೆ ಮೊಳೆಗೂ ಬರುತ್ತೆ, ಟಿವಿ ಸ್ಪೀಕರಿಗಂತೂ ಕೇಳೋದೇ ಬೇಡ. ಪ್ಲಾಸ್ಟಿಕ್ ಚಾರ್ಜರ್ ಒಳಗೆ ಕೂತಿರೋ ಪುಟ್ಟ ಕ್ಯಾಮೆರಾಕ್ಕೆ ಮಾತ್ರ ಬರದೇ ಹೋಗ್ಬಹುದು.

ಹುಡುಕೋ ಕೆಲಸ ಆಪಿಂದ ಶುರು ಆಗ್ಬಾರ್ದು, ನೀವು ಎಲ್ಲಿ ಮಲಗ್ತೀರ, ಎಲ್ಲಿ ಬಟ್ಟೆ ಬದಲಾಯಿಸ್ತೀರ, ಎಲ್ಲಿ ಸ್ನಾನ ಮಾಡ್ತೀರ, ಆ ಜಾಗದಿಂದ ಶುರು ಆಗ್ಬೇಕು. ಯಾಕೆ ಅಂತ ಹಂತ 4ರಲ್ಲಿ ಗೊತ್ತಾಗುತ್ತೆ. ಪೂರ್ತಿ ಕೆಲಸಕ್ಕೆ ಮೊದಲ ಸಲ ಅರ್ಧ ಗಂಟೆ ಹಿಡೀಬಹುದು, ಅಭ್ಯಾಸ ಆದ್ಮೇಲೆ ಹತ್ತು ಹದಿನೈದು ನಿಮಿಷ ಸಾಕು.

## ಯಾವ ಕ್ಯಾಮೆರಾ ಇರ್ಬಹುದು, ಯಾವುದು ಇರ್ಲೇಬಾರ್ದು

ರಿಸೆಪ್ಷನ್, ಲಾಬಿ, ಲಿಫ್ಟು, ಕಾರಿಡಾರ್, ಪಾರ್ಕಿಂಗ್, ಹೊರಗಿನ ಗೇಟು, ಇಲ್ಲೆಲ್ಲ ಕಣ್ಣಿಗೆ ಕಾಣೋ ಹಾಗೆ ಸಿಸಿಟಿವಿ ಇದ್ರೆ ಅದು ಸೆಕ್ಯುರಿಟಿಗೆ, ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಿಮ್ಮ ಲಗೇಜ್ ಕಳುವಾದ್ರೆ ನೀವೇ ಹೋಗಿ ಕೇಳೋದು ಅದನ್ನೇ. ರೂಮಿನ ಒಳಗೆ, ಬಾತ್‌ರೂಮಲ್ಲಿ, ಬಟ್ಟೆ ಬದಲಾಯಿಸೋ ಜಾಗದಲ್ಲಿ ಮಾತ್ರ ಇರ್ಲೇಬಾರ್ದು, ‘ಸೇಫ್ಟಿಗೆ ಸಾರ್’ ಅಂತ ಯಾರು ಏನೇ ಹೇಳಿದ್ರೂ ಸರಿ.

ಮನೆಗಳನ್ನ ಬಾಡಿಗೆಗೆ ಕೊಡೋ ಕಡೆ ಮೊದಲು ಸ್ವಲ್ಪ ಗೊಂದಲ ಇತ್ತು. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯ ಒಳಗೆ ಕ್ಯಾಮೆರಾ ಇಡೋದನ್ನೇ ಪೂರ್ತಿ ನಿಲ್ಲಿಸಿದೆ, ಮುಂಚೆ ಹೇಳಿದ್ರೂ ಇಡೋ ಹಾಗಿಲ್ಲ, ಹೊರಗಡೆ ಇದ್ರೆ ಬುಕಿಂಗ್ ಪೇಜಲ್ಲಿ ಬರೆದಿರ್ಲೇಬೇಕು. ಹಾಗಾಗಿ ಬುಕ್ ಮಾಡುವಾಗ ‘ಸೇಫ್ಟಿ ಡಿವೈಸ್’ ಅನ್ನೋ ಭಾಗ ಓದಿ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳಿ.

ಕಾರಿಡಾರ್ ಕ್ಯಾಮೆರಾ ವಿಷಯದಲ್ಲಿ ಒಂದೇ ಟೆಸ್ಟ್: ರೂಮಿನ ಬಾಗಿಲು ತೆಗೆದಿಟ್ಟು ಮಂಚದ ಹತ್ರ ನಿಂತು ನೋಡಿ, ಅಲ್ಲಿಂದ ನಿಮಗೆ ಕ್ಯಾಮೆರಾ ಕಂಡ್ರೆ ಅದಕ್ಕೂ ನೀವು ಕಾಣೋ ಸಾಧ್ಯತೆ ಇದೆ. ಆಗ ಬೇರೆ ರೂಮ್ ಕೇಳಿ, ಅಥವಾ ಬಾಗಿಲು ಅರ್ಧ ತೆಗೆದು ಸಾಮಾನು ಇಸ್ಕೊಳ್ಳೋ ಅಭ್ಯಾಸ ಬಿಡಿ.

## ಬೇಕಾಗೋ ಸಾಮಾನು

ಒಂದು ಸಣ್ಣ ಟಾರ್ಚು, ಬೆಳಕು ಹರಡದೆ ಒಂದೇ ಕಡೆ ಬೀಳೋ ಅಂಥದ್ದು. ಫೋನಿನ ಫ್ಲಾಶ್‌ಲೈಟಲ್ಲೂ ಕೆಲಸ ಆಗುತ್ತೆ ಆದ್ರೆ ಅದರ ಬೆಳಕು ಎಲ್ಲಾ ಕಡೆ ಚೆಲ್ಲಿ ಕಣ್ಣು ಕುಕ್ಕುತ್ತೆ, ಮಿನುಗು ಹುಡುಕೋದು ಕಷ್ಟ. ಆಮೇಲೆ ಫೋನು, ರೂಮಲ್ಲೇ ಇರೋ ಟಿವಿ ರಿಮೋಟು, ಅಂಟಿಸಿ ತೆಗೆದ್ರೆ ಕಲೆ ಉಳಿಯದ ಪೇಪರ್ ಟೇಪು, ಸ್ವಲ್ಪ ಟಿಶ್ಯೂ, ಒಂದು ಟವಲ್. ಇಷ್ಟು ಸಾಕು.

ಲೆನ್ಸ್ ಫೈಂಡರ್ ಅಂತ ಕೆಂಪು ಗಾಜಿನ ಕಿಂಡಿ ಸುತ್ತ ಕೆಂಪು ಎಲ್‌ಇಡಿ ಇರೋ ಪುಟ್ಟ ಸಾಧನ ಸಿಗುತ್ತೆ. ಇದ್ರೆ ಒಳ್ಳೇದು, ಇಲ್ದಿದ್ರೆ ನಷ್ಟ ಏನಿಲ್ಲ, ಅದು ಮಾಡೋದೂ ಟಾರ್ಚ್ ಮಾಡೋ ಕೆಲಸವನ್ನೇ.

ಹೊರಡೋ ಮುಂಚೆ ಮನೇಲಿ ಒಂದ್ಸಲ ಪ್ರಾಕ್ಟೀಸ್ ಮಾಡಿ, ಇದನ್ನ ಮಾತ್ರ ಸ್ಕಿಪ್ ಮಾಡ್ಬೇಡಿ. ಹಳೇ ಫೋನ್ ಒಂದನ್ನ ಶೆಲ್ಫಲ್ಲಿ ಎರಡು ಪುಸ್ತಕದ ಮಧ್ಯ ಸೆಲ್ಫಿ ಕ್ಯಾಮೆರಾ ಮಾತ್ರ ಹೊರಗೆ ಇಣುಕೋ ಹಾಗೆ ಇಡಿ, ಲೈಟ್ ಆಫ್ ಮಾಡಿ, ಟಾರ್ಚನ್ನ ಕಣ್ಣಿನ ಪಕ್ಕ ಕಪಾಳಕ್ಕೆ ತಾಗಿಸಿ ಹಿಡಿದು ಎರಡು ಮೀಟರ್ ದೂರದಿಂದ ನೋಡಿ. ಸಾಸಿವೆ ಕಾಳಿಗಿಂತ ಚಿಕ್ಕದೊಂದು ಚುಕ್ಕಿ, ನೀಲಿನೋ ನೇರಳೆನೋ ಬಣ್ಣ ಹೊಡೀತಾ ಮಿನುಗುತ್ತೆ. ಈಗ ಟಾರ್ಚನ್ನ ಕಣ್ಣಿಂದ ಒಂದು ಮೊಳ ದೂರ ಹಿಡಿದು ನೋಡಿ, ಚುಕ್ಕಿ ಹೋಯ್ತು. ಈ ವ್ಯತ್ಯಾಸ ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಯಾವ ಆಪೂ ಬೇಡ ಅನ್ಸುತ್ತೆ.

## ಹಂತ 1: ಬ್ಯಾಗ್ ಬಿಚ್ಚೋಕ್ ಮುಂಚೆ ಫೋಟೋ

ಸಾಮಾನು ಹರಡಿದ್ಮೇಲೆ ಹುಡುಕೋಕೆ ಆಗಲ್ಲ, ನಿಮ್ಮ ಚಾರ್ಜರ್ ಯಾವುದು ಅವರ ಚಾರ್ಜರ್ ಯಾವುದು ಅನ್ನೋದೇ ಗೊತ್ತಾಗಲ್ಲ. ಬ್ಯಾಗ್ ಬಾಗಿಲ ಹತ್ರಾನೇ ಇರ್ಲಿ, ಜೊತೇಲಿ ಬಂದವ್ರಿಗೆ ‘ಸ್ನಾನಕ್ಕೆ ಆಮೇಲೆ ಹೋಗಿ’ ಅಂತ ಹೇಳಿ. ರೂಮಿನ ನಾಲ್ಕು ಮೂಲೆಯಿಂದ ನಾಲ್ಕು ಫೋಟೋ, ಬಾತ್‌ರೂಮಿನದ್ದು ಎರಡು, ಪ್ಲಗ್ ಪಾಯಿಂಟ್‌ಗಳು ಕಾಣೋ ಹಾಗೆ. ಈ ಫೋಟೋ ಯಾಕೆ ಬೇಕು ಅನ್ನೋದು ಎರಡನೇ ದಿನ ಗೊತ್ತಾಗುತ್ತೆ.

## ಹಂತ 2: ಮಂಚದ ಮೇಲೆ ಕೂತು, ಆಮೇಲೆ ಮಲಗಿ ನೋಡಿ

ಎಲ್ರೂ ಬಾಗಿಲಲ್ಲಿ ನಿಂತು ರೂಮ್ ನೋಡ್ತಾರೆ, ಕ್ಯಾಮೆರಾ ಇಟ್ಟವನು ಬಾಗಿಲನ್ನ ನೋಡೋಕೆ ಇಟ್ಟಿರಲ್ಲ. ಮಂಚದ ಮಧ್ಯ ಕೂತ್ಕೊಳಿ, ಎದುರಿಗೆ, ಮೇಲೆ, ಎರಡೂ ಪಕ್ಕ ಏನೇನು ನಿಮ್ಮ ಕಡೆ ಮುಖ ಮಾಡಿದೆ ಅಂತ ನೋಡಿ. ಮಲಗಿ ಇನ್ನೊಂದ್ಸಲ. ಆಮೇಲೆ ವಾರ್ಡ್‌ರೋಬ್ ಮುಂದೆ, ಅಂದ್ರೆ ಬಟ್ಟೆ ಬದಲಾಯಿಸೋ ಜಾಗದಲ್ಲಿ ನಿಂತು.

ನೋಡ್ಬೇಕಾದ್ದು ಎರಡು ವಿಷಯ. ಒಂದು, ಆ ವಸ್ತುವಿಗೆ ಅಲ್ಲಿ ಏನು ಕೆಲಸ? ಟೇಬಲ್ ಮೇಲಿರ್ಬೇಕಾದ ಗಡಿಯಾರ ಟಿವಿ ಪಕ್ಕ ಮಂಚಕ್ಕೆ ಮುಖ ಮಾಡಿ ಕೂತಿದ್ರೆ, ಒಂದೇ ರೂಮಿಗೆ ಎರಡು ಸ್ಮೋಕ್ ಡಿಟೆಕ್ಟರ್ ಇದ್ದು ಅದರಲ್ಲಿ ಒಂದರ ಆಕಾರಾನೇ ಬೇರೆ ಇದ್ರೆ, ಯಾರೂ ಫೋನ್ ಚಾರ್ಜ್ ಮಾಡಕ್ಕಾಗದ ಎತ್ತರದಲ್ಲಿ ಯುಎಸ್‌ಬಿ ಅಡಾಪ್ಟರ್ ಚುಚ್ಚಿದ್ರೆ, ನಿಲ್ಲಿ. ಎರಡನೇದು, ಜೋಡಿ ಇರೋ ವಸ್ತುಗಳನ್ನ ಹೋಲಿಸಿ. ಎರಡು ಬೆಡ್ ಲ್ಯಾಂಪ್, ಎರಡು ಸ್ವಿಚ್ ಬೋರ್ಡ್, ನಾಲ್ಕು ಸ್ಕ್ರೂ. ಮೂರು ಸ್ಕ್ರೂಗೆ ಪ್ಲಸ್ ಗುರುತಿದ್ದು ನಾಲ್ಕನೇದಕ್ಕೆ ಮಧ್ಯದಲ್ಲಿ ಕಪ್ಪು ತೂತಿದ್ರೆ ಅದು ಸ್ಕ್ರೂ ಅಲ್ಲ.

ಲೆನ್ಸಿಗೆ ಬೇಕಾಗೋ ತೂತು 1ರಿಂದ 2 ಮಿಲಿಮೀಟರ್ ಅಷ್ಟೇ, ಪೆನ್ಸಿಲ್ ಸೀಸದ ದಪ್ಪ. ಹಾಗಾಗಿ ‘ಕ್ಯಾಮೆರಾ’ ಅನ್ನೋ ಆಕಾರ ಹುಡುಕ್ಬೇಡಿ, ಅರ್ಥ ಇಲ್ಲದ ತೂತು ಹುಡುಕಿ.

## ಹಂತ 3: ಕರೆಂಟ್ ಎಲ್ಲಿದೆಯೋ ಅಲ್ಲಿ ಹೋಗಿ

ಬ್ಯಾಟರಿಯಲ್ಲಿ ಓಡೋ ಪುಟ್ಟ ಕ್ಯಾಮೆರಾ ಸತತವಾಗಿ ರೆಕಾರ್ಡ್ ಮಾಡಿದ್ರೆ ಕೆಲವೇ ಗಂಟೆ ಬರುತ್ತೆ. ತಿಂಗಳುಗಟ್ಟಲೆ ಅಲ್ಲೇ ಇರ್ಬೇಕು ಅಂದ್ರೆ ಅದಕ್ಕೆ ಕರೆಂಟ್ ಬೇಕೇ ಬೇಕು, ಹಾಗಾಗಿ ವೈರ್ ಇರೋ ವಸ್ತುಗಳಿಗೇ ಜಾಸ್ತಿ ಟೈಮ್ ಕೊಡಿ. ಗೋಡೆಗೆ ನೇತು ಹಾಕಿರೋ ಚಿತ್ರ, ಹೂವಿನ ಕುಂಡ, ಟಿಶ್ಯೂ ಡಬ್ಬಿ ಇವನ್ನೂ ನೋಡಿ, ಆದ್ರೆ ಆಮೇಲೆ.

2019ರಲ್ಲಿ ದಕ್ಷಿಣ ಕೊರಿಯಾದ ಪೊಲೀಸರು ಹಿಡಿದ ಒಂದು ಕೇಸಲ್ಲಿ 10 ಊರುಗಳ 30 ಲಾಡ್ಜ್‌ಗಳ 42 ರೂಮುಗಳಲ್ಲಿ ಕ್ಯಾಮೆರಾ ಇಟ್ಟು ಸುಮಾರು 1600 ಅತಿಥಿಗಳ ವಿಡಿಯೋ ನೇರವಾಗಿ ಆನ್‌ಲೈನಲ್ಲಿ ಬಿಟ್ಟಿದ್ರು. ಎಲ್ಲಿ ಇಟ್ಟಿದ್ರು ಗೊತ್ತಾ, ಟಿವಿಯ ಸೆಟ್‌ಟಾಪ್ ಬಾಕ್ಸಲ್ಲಿ, ಗೋಡೆಯ ಪ್ಲಗ್ ಪಾಯಿಂಟಲ್ಲಿ, ಹೇರ್ ಡ್ರೈಯರ್ ಸ್ಟ್ಯಾಂಡಲ್ಲಿ. ಮೂರೂ ಕರೆಂಟ್ ಇರೋ ಜಾಗ.

ನೋಡೋ ಕ್ರಮ ಹೀಗಿರ್ಲಿ: ಮೊದಲು ಸೆಟ್‌ಟಾಪ್ ಬಾಕ್ಸ್ ಮತ್ತು ಟಿವಿ ಕೆಳಗಿನ ಅಂಚು, ಆಮೇಲೆ ಮಂಚಕ್ಕೆ ಎದುರಿರೋ ಪ್ಲಗ್ ಪಾಯಿಂಟ್‌ಗಳು, ಆಮೇಲೆ ಗಡಿಯಾರ, ಯುಎಸ್‌ಬಿ ಅಡಾಪ್ಟರ್, ಲ್ಯಾಂಪ್, ಏರ್ ಪ್ಯೂರಿಫೈಯರ್, ವೈಫೈ ರೂಟರ್, ಕೊನೆಗೆ ಎಸಿ ಮತ್ತು ಸೀಲಿಂಗ್. ಏನೂ ಸಿಕ್ಕಿಸದೇ ಇರೋ ಅಡಾಪ್ಟರನ್ನ ಮುಟ್ಟಿ ನೋಡಿ, ಖಾಲಿ ಅಡಾಪ್ಟರ್ ಸಾಮಾನ್ಯವಾಗಿ ತಣ್ಣಗೇ ಇರುತ್ತೆ, ಬೆಚ್ಚಗಿದ್ರೆ ಒಳಗೆ ಏನೋ ಓಡ್ತಾ ಇರ್ಬಹುದು. ಟಾರ್ಚಲ್ಲಿ ಮತ್ತೆ ನೋಡ್ಬೇಕಾದ ಲಿಸ್ಟಿಗೆ ಅದನ್ನ ಸೇರಿಸಿ.

ಇಲ್ಲಿ ಎರಡು ಎಚ್ಚರಿಕೆ. ಪ್ಲಗ್ ಪಾಯಿಂಟಿನ ಕವರ್ ಬಿಚ್ಚೋಕ್ ಹೋಗ್ಬೇಡಿ, ಪಿನ್ನು ಸೇಫ್ಟಿಪಿನ್ನು ಅಂತ ತೂತಿಗೆ ಚುಚ್ಚಲೇಬೇಡಿ, ಶಾಕ್ ಹೊಡಿಯುತ್ತೆ. ಸೀಲಿಂಗಲ್ಲಿರೋ ಸ್ಪ್ರಿಂಕ್ಲರ್ ಮುಟ್ಬೇಡಿ, ಅದರ ಮಧ್ಯ ಕೆಂಪು ದ್ರವ ತುಂಬಿರೋ ಪುಟ್ಟ ಗಾಜಿನ ಬಲ್ಬ್ ಇರುತ್ತಲ್ಲ, ಅದು 68 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಒಡೆಯೋಕೆ ಮಾಡಿರೋದು, ನಿಮ್ಮ ಕೈ ಅಥವಾ ಹ್ಯಾಂಗರ್ ತಾಗಿ ಒಡೆದ್ರೂ ನೀರು ಸುರಿಯೋಕೆ ಶುರು, ನಿಮ್ಮ ಕೈಲಿ ನಿಲ್ಲಿಸೋಕಾಗಲ್ಲ. ಸ್ಮೋಕ್ ಡಿಟೆಕ್ಟರ್ ಮೇಲೆ ಅನುಮಾನ ಬಂದ್ರೂ ಬಟ್ಟೆ ಸುತ್ತೋದು, ಬಿಚ್ಚಿಡೋದು ಮಾಡ್ಬೇಡಿ, ಬೆಂಕಿ ಬಿದ್ದಾಗ ಎಬ್ಬಿಸೋದು ಅದೇ. ಕೆಳಗಿಂದ ಟಾರ್ಚ್ ಬಿಟ್ಟು ನೋಡಿ, ಅನುಮಾನ ಹೋಗ್ದಿದ್ರೆ ರೂಮ್ ಬದಲಾಯಿಸಿ.

## ಹಂತ 4: ಕತ್ತಲು ಮಾಡಿ ಟಾರ್ಚ್ ಹಿಡಿಯಿರಿ

ಇಡೀ ಕೆಲಸದ ಮುಖ್ಯ ಭಾಗ ಇದು, ಜನ ಜಾಸ್ತಿ ತಪ್ಪು ಮಾಡೋದೂ ಇಲ್ಲೇ.

ಪರದೆ ಪೂರ್ತಿ ಎಳೀರಿ, ಲೈಟ್ ಎಲ್ಲಾ ಆಫ್, ಬಾತ್‌ರೂಮ್ ಲೈಟೂ ಆಫ್. ಟಿವಿ ಎಸಿಗಳ ಚಿಕ್ಕ ಎಲ್‌ಇಡಿ ಉಳಿಯುತ್ತೆ, ಪರವಾಗಿಲ್ಲ. ಒಂದೆರಡು ನಿಮಿಷ ಸುಮ್ನೆ ಕೂತ್ಕೊಳಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಲಿ. ಈ ಎರಡು ನಿಮಿಷದಲ್ಲೇ ಯಾವ ಮೂಲೆಯಲ್ಲಾದ್ರೂ ಕೆಂಡದ ಥರ ಮಬ್ಬು ಕೆಂಪು ಚುಕ್ಕಿಗಳು ಕಂಡ್ರೆ ಗುರುತು ಇಟ್ಕೊಳಿ, ನೈಟ್ ವಿಷನ್ ಕ್ಯಾಮೆರಾಗಳ ಕೆಲವು ಎಲ್‌ಇಡಿಗಳು ಬರಿಗಣ್ಣಿಗೂ ಸ್ವಲ್ಪ ಕಾಣುತ್ತವೆ.

ಈಗ ಟಾರ್ಚನ್ನ ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ. ಕೈ ಚಾಚಿ ಅಲ್ಲ, ಸೊಂಟದ ಹತ್ರ ಅಲ್ಲ. ಕ್ಯಾಮೆರಾದೊಳಗೆ ಹೋದ ಬೆಳಕು ಲೆನ್ಸ್ ಹಿಂದಿರೋ ಸೆನ್ಸರಿಗೆ ತಾಗಿ ಬಂದ ದಾರೀಲೇ ವಾಪಸ್ ಬರುತ್ತೆ, ರಾತ್ರಿ ಟಾರ್ಚ್ ಬಿಟ್ರೆ ಬೆಕ್ಕಿನ ಕಣ್ಣು ಹೊಳೆಯುತ್ತಲ್ಲ, ಹೆಚ್ಚು ಕಮ್ಮಿ ಹಾಗೇ. ಬಂದ ದಾರೀಲೇ ವಾಪಸ್ ಬರೋದ್ರಿಂದ ನಿಮ್ಮ ಕಣ್ಣು ಟಾರ್ಚ್ ಪಕ್ಕ ಇದ್ರೆ ಮಾತ್ರ ಅದು ಸಿಗೋದು.

ಇನ್ನೊಂದು ಮಾತು, ಇದನ್ನ ಯಾಕೋ ಯಾರೂ ಹೇಳಲ್ಲ: ಆ ಹೊಳಪು ಕ್ಯಾಮೆರಾ ನೋಡ್ತಿರೋ ಜಾಗದಿಂದ ಮಾತ್ರ ಕಾಣುತ್ತೆ. ಕ್ಯಾಮೆರಾ ಮಂಚದ ಕಡೆ ತಿರುಗಿದ್ರೆ ನೀವು ಬಾಗಿಲಲ್ಲಿ ನಿಂತು ಎಷ್ಟೇ ಟಾರ್ಚ್ ಬಿಟ್ರೂ ಏನೂ ಕಾಣದೇ ಹೋಗ್ಬಹುದು, ಅದೇ ಮಂಚದ ಮೇಲೆ ಕೂತು ಬಿಟ್ರೆ ಕಾಣುತ್ತೆ. ಆದ್ದರಿಂದ ಹಂತ 2ರಲ್ಲಿ ಎಲ್ಲೆಲ್ಲಿ ಕೂತು ಮಲಗಿ ನೋಡಿದ್ರೋ ಅದೇ ಜಾಗಗಳಿಂದ ಟಾರ್ಚ್ ಬಿಡಿ. ಅಲ್ಲಿಂದ ನಿಮಗೇನೂ ಕಾಣ್ಲಿಲ್ಲ ಅಂದ್ರೆ ಆ ಜಾಗದ ಮಟ್ಟಿಗೆ ಒಳ್ಳೇ ಸುದ್ದಿ.

ಬೆಳಕನ್ನ ನಿಧಾನಕ್ಕೆ ಓಡಿಸಿ, ಗೋಡೆಗೆ ಬ್ರಶ್ಶಲ್ಲಿ ಬಣ್ಣ ಹೊಡಿಯೋ ಹಾಗೆ ಎಡದಿಂದ ಬಲಕ್ಕೆ ಒಂದು ಪಟ್ಟಿ, ಸ್ವಲ್ಪ ಕೆಳಗೆ ಇಳಿಸಿ ಬಲದಿಂದ ಎಡಕ್ಕೆ ಇನ್ನೊಂದು ಪಟ್ಟಿ. ಅನುಮಾನದ ವಸ್ತುಗಳ ಹತ್ರ ಒಂದೆರಡು ಮೀಟರ್ ದೂರಕ್ಕೆ ಹೋಗಿ ತಲೆ ಸ್ವಲ್ಪ ಸ್ವಲ್ಪ ಆ ಕಡೆ ಈ ಕಡೆ ಆಡಿಸಿ ನೋಡಿ.

ಮಿನುಗು ಕಂಡ ತಕ್ಷಣ ಕ್ಯಾಮೆರಾ ಅಂತ ಕೂಗ್ಬೇಡಿ, ಸ್ಕ್ರೂ ಮಿನುಗುತ್ತೆ, ಗಾಜು ಮಿನುಗುತ್ತೆ, ವಾರ್ನಿಶ್ ಹೊಡೆದ ಮರಾನೂ ಮಿನುಗುತ್ತೆ. ತಲೆ ಒಂದು ಗೇಣು ಸರಿಸಿದ್ರೆ ಸಾಮಾನ್ಯ ಹೊಳಪು ಜಾಗ ಬಿಟ್ಟು ಜಾರುತ್ತೆ, ಇಲ್ಲಾ ಆರಿಹೋಗುತ್ತೆ. ಲೆನ್ಸಿನ ಚುಕ್ಕಿ ನಿಂತಲ್ಲೇ ನಿಂತಿರುತ್ತೆ, ತೂತಿನ ಒಳಗಡೆಯಿಂದ ನಿಮ್ಮನ್ನೇ ನೋಡ್ತಾ ಇರೋ ಹಾಗೆ. ಅಂಥದ್ದು ಕಂಡ್ರೆ ಹತ್ರ ಹೋಗಿ ಟಾರ್ಚನ್ನ ಓರೆಯಾಗಿ ಹಿಡಿದು ನೋಡಿ, ತೂತಿನ ಹಿಂದೆ ಉಬ್ಬಿರೋ ಗಾಜಿನ ಗುಂಡಿ ಕಾಣುತ್ತಾ ಅಂತ.

ಕಪ್ಪು ಹೊಳೆಯೋ ಪ್ಲಾಸ್ಟಿಕ್ಕಿನ ಹಿಂದೆ ಕ್ಯಾಮೆರಾ ಇದ್ರೆ ಸ್ವಲ್ಪ ಕಷ್ಟ. ಗಡಿಯಾರದ ಮುಖ, ಸೆಟ್‌ಟಾಪ್ ಬಾಕ್ಸ್ ಮುಂಭಾಗ ಅಂಥವು. ಟಾರ್ಚನ್ನ ಪ್ಲಾಸ್ಟಿಕ್ಕಿಗೇ ಒತ್ತಿ ಹಿಡಿದ್ರೆ ಒಳಗಿರೋದು ಮಸುಕಾಗಿ ಕಾಣ್ಬಹುದು. ಟಿವಿ, ಸೆಟ್‌ಟಾಪ್ ಬಾಕ್ಸಲ್ಲಿ ರಿಮೋಟ್ ಸಿಗ್ನಲ್ ಹಿಡಿಯೋ ಒಂದು ಪುಟ್ಟ ಗುಂಡಗಿನ ಭಾಗ ಇರುತ್ತೆ, ಅದನ್ನ ನೋಡಿ ಹೆದರೋರು ತುಂಬಾ ಜನ. ಅನುಮಾನ ಇದ್ರೆ ಅದಕ್ಕೆ ಬೆರಳು ಮುಚ್ಚಿ ರಿಮೋಟ್ ಒತ್ತಿ, ಕೆಲಸ ಮಾಡ್ಲಿಲ್ಲ ಅಂದ್ರೆ ಅದು ರಿಸೀವರ್.

## ಹಂತ 5: ಅದೇ ಕತ್ತಲಲ್ಲಿ ಫೋನ್ ಕ್ಯಾಮೆರಾದಿಂದ ಐಆರ್ ನೋಡಿ

ಕತ್ತಲಲ್ಲೂ ರೆಕಾರ್ಡ್ ಮಾಡೋ ಕ್ಯಾಮೆರಾಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ (ಐಆರ್) ಬೆಳಕು ಬಿಡ್ತಾವೆ, ಸಾಮಾನ್ಯವಾಗಿ 850 ಅಥವಾ 940 ನ್ಯಾನೋಮೀಟರ್‌ದು. 850 ಆದ್ರೆ ಬರಿಗಣ್ಣಿಗೆ ಮಬ್ಬು ಕೆಂಪಾಗಿ ಕಾಣುತ್ತೆ, 940 ಆದ್ರೆ ಕಾಣಲ್ಲ, ಆದ್ರೆ ಕೆಲವು ಫೋನ್ ಕ್ಯಾಮೆರಾಕ್ಕೆ ಕಾಣುತ್ತೆ.

ಕೆಲವು ಅಂತ ಯಾಕೆ ಹೇಳಿದೆ ಅಂದ್ರೆ, ಹಿಂದಿನ ಮುಖ್ಯ ಕ್ಯಾಮೆರಾದಲ್ಲಿ ಈ ಬೆಳಕನ್ನ ತಡೆಯೋ ಫಿಲ್ಟರ್ ಜೋರಾಗಿರುತ್ತೆ, ಸೆಲ್ಫಿ ಕ್ಯಾಮೆರಾದಲ್ಲಿ ಎಷ್ಟೋ ಸಲ ಕಮ್ಮಿ ಇರುತ್ತೆ. ಹಾಗಾಗಿ ಮೊದಲು ಟೆಸ್ಟ್: ಟಿವಿ ರಿಮೋಟನ್ನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ, ಸ್ಕ್ರೀನಲ್ಲಿ ರಿಮೋಟಿನ ತುದಿ ಬಿಳಿಯಾಗೋ ನೇರಳೆಯಾಗೋ ಮಿಣಮಿಣ ಅಂದ್ರೆ ನಿಮ್ಮ ಫೋನ್ ಈ ಕೆಲಸಕ್ಕೆ ಬರುತ್ತೆ, ಅದೇ ಕ್ಯಾಮೆರಾದಲ್ಲಿ ಕತ್ತಲು ರೂಮ್ ಪೂರ್ತಿ ನಿಧಾನಕ್ಕೆ ನೋಡಿ, ಹಾಗೇ ಹೊಳೆಯೋ ಚುಕ್ಕಿ ಕಾಣುತ್ತಾ ಅಂತ. ಎರಡೂ ಕ್ಯಾಮೆರಾದಲ್ಲಿ ಕಾಣ್ಲಿಲ್ಲ ಅಂದ್ರೆ ಈ ಹಂತ ಬಿಟ್ಬಿಡಿ, ಆ ಫೋನಲ್ಲಿ ‘ಏನೂ ಕಾಣ್ಲಿಲ್ಲ’ ಅನ್ನೋದಕ್ಕೆ ಬೆಲೆನೇ ಇಲ್ಲ. ಈ ರಿಮೋಟ್ ಟೆಸ್ಟ್ ಮಾಡದೆ ನೇರವಾಗಿ ಹುಡುಕೋಕೆ ಇಳಿಯೋದು ದೊಡ್ಡ ತಪ್ಪು.

ಮತ್ತೆ ನೆನಪಿರ್ಲಿ, ನೈಟ್ ವಿಷನ್ ಇಲ್ದೇ ಇರೋ ಕ್ಯಾಮೆರಾ ಈ ಬೆಳಕು ಬಿಡೋದೇ ಇಲ್ಲ, ಅದು ಹಂತ 4ರಲ್ಲೇ ಸಿಗ್ಬೇಕು.

## ಹಂತ 6: ಬಾತ್‌ರೂಮು ಮತ್ತು ಕನ್ನಡಿ

ಶವರ್ ಕೆಳಗೆ ನಿಂತು ಟಾರ್ಚ್ ಬಿಡಿ, ಲೈಟ್ ಆಫ್ ಮಾಡಿ. ಎಕ್ಸಾಸ್ಟ್ ಫ್ಯಾನ್ ಜಾಲರಿ, ಹೇರ್ ಡ್ರೈಯರ್ ಸ್ಟ್ಯಾಂಡು, ಗೀಸರ್ ಪಕ್ಕದ ಸ್ವಿಚ್, ಟವಲ್ ಹುಕ್ಕು. ಹುಕ್ಕು ಅಂದ್ರೆ ನಗ್ಬೇಡಿ, ಬಟ್ಟೆ ನೇತು ಹಾಕೋ ಹುಕ್ಕಿನ ಆಕಾರದಲ್ಲೇ ಕ್ಯಾಮೆರಾ ಸಿಗುತ್ತೆ, ಮೇಲ್ಗಡೆ ಒಂದು ಪುಟ್ಟ ತೂತು ಇರುತ್ತೆ. ಒಣಗಿರೋ ಜಾಗದಲ್ಲಿ ಸುಮ್ಸುಮ್ನೆ ಒಂದು ಹುಕ್ಕು ಎದೆ ಎತ್ತರಕ್ಕೆ ಅಂಟಿಸಿದ್ರೆ ಹತ್ರ ಹೋಗಿ ನೋಡಿ.

ಕನ್ನಡಿ ವಿಷಯಕ್ಕೆ ಬರೋಣ. ಉಗುರು ಇಟ್ಟು ನೋಡೋ ಟೆಸ್ಟ್ ಎಲ್ರಿಗೂ ಗೊತ್ತು, ಉಗುರಿಗೂ ಪ್ರತಿಬಿಂಬಕ್ಕೂ ಮಧ್ಯ ಸಂದು ಇಲ್ದಿದ್ರೆ ಆಚೆಯಿಂದ ನೋಡೋ ಕನ್ನಡಿ ಅಂತ. ಅದನ್ನ ನಂಬ್ಕೊಂಡು ಕೂರ್ಬೇಡಿ, ಮುಂಭಾಗಕ್ಕೇ ಲೇಪನ ಇರೋ ಮಾಮೂಲಿ ಕನ್ನಡಿಯಲ್ಲೂ ಸಂದು ಕಾಣಲ್ಲ, ಆಚೆಯಿಂದ ಕಾಣೋ ಕನ್ನಡಿಯಲ್ಲೂ ಲೇಪನ ಹಿಂದೆ ಇದ್ರೆ ಸಂದು ಕಾಣುತ್ತೆ. ಅದಕ್ಕಿಂತ ಒಳ್ಳೇದು ಇದು: ರೂಮ್ ಪೂರ್ತಿ ಕತ್ತಲು ಮಾಡಿ, ಟಾರ್ಚನ್ನ ಗಾಜಿಗೆ ಅಂಟಿಸಿ ಹಿಡಿದು, ಇನ್ನೊಂದು ಕೈಯನ್ನ ಕಣ್ಣಿನ ಸುತ್ತ ಮರೆ ಮಾಡಿ ಗಾಜಿಗೆ ಮುಖ ಹಚ್ಚಿ ನೋಡಿ. ಹಿಂದೆ ಜಾಗ ಇದ್ರೆ ಅದು ಕಾಣುತ್ತೆ. ಕನ್ನಡಿ ಬೆರಳಿಂದ ತಟ್ಟಿ, ಗೋಡೆಗೆ ಕೂತಿದ್ರೆ ಮೊದ್ದು ಸದ್ದು, ಹಿಂದೆ ಟೊಳ್ಳಿದ್ರೆ ಖಾಲಿ ಡಬ್ಬಿ ಸದ್ದು. ಆದ್ರೆ ಹಿಂದೆ ಮೆಡಿಸಿನ್ ಬೀರು ಇದ್ರೂ ಟೊಳ್ಳು ಸದ್ದೇ ಬರೋದು, ಹಾಗಾಗಿ ಸದ್ದೊಂದನ್ನೇ ಹಿಡ್ಕೊಂಡು ಜಗಳಕ್ಕೆ ಹೋಗ್ಬೇಡಿ.

## ಹಂತ 7: ಬಾಗಿಲ ಪೀಪ್‌ಹೋಲ್

ಇದಕ್ಕೆ ಒಂದೇ ನಿಮಿಷ. ಹೊರಗೆ ನಿಂತು ಪೀಪ್‌ಹೋಲಲ್ಲಿ ಇಣುಕಿ, ಒಳಗಿರೋದು ಮಸುಕು ಮಸುಕಾಗಿ ಕಾಣ್ಬೇಕು. ರೂಮ್ ಸ್ಪಷ್ಟವಾಗಿ ಕಂಡ್ರೆ ಅದನ್ನ ಬಿಚ್ಚಿ ತಿರುಗಿಸಿ ಹಾಕಿದ್ದಾರೆ ಅಥವಾ ಲೆನ್ಸ್ ತೆಗೆದಿದ್ದಾರೆ ಅಂತ. ಎಲ್ಲಾ ಸರಿ ಇದ್ರೂ ಒಳಗಡೆಯಿಂದ ಟಿಶ್ಯೂ ತುರುಕಿ ಇಲ್ಲಾ ಟೇಪ್ ಅಂಟಿಸಿ, ಯಾಕಂದ್ರೆ ಹೊರಗಿಂದ ಒಳಗೆ ನೋಡೋಕಂತಲೇ ಮಾಡಿರೋ ಉಲ್ಟಾ ಲೆನ್ಸ್ ಇದೆ, ಅದನ್ನ ಪೀಪ್‌ಹೋಲಿಗೆ ಹಿಡಿದ್ರೆ ಸಾಕು.

## ಹಂತ 8: ಈಗ ಬೇಕಾದ್ರೆ ವೈಫೈ ನೋಡಿ

ಎಲ್ರೂ ಮೊದಲು ಮಾಡೋದನ್ನ ನಾನು ಕೊನೆಗೆ ಯಾಕೆ ಇಟ್ಟೆ ಅಂದ್ರೆ, ಇಲ್ಲಿ ಸಿಕ್ಕಿದ್ರೆ ಲಾಭ, ಸಿಗ್ಲಿಲ್ಲ ಅಂದ್ರೆ ಅದಕ್ಕೆ ಏನೂ ಅರ್ಥ ಇಲ್ಲ.

ಮೊದಲು ಫೋನಿನ ವೈಫೈ ಲಿಸ್ಟ್ ತೆಗೀರಿ, ಕನೆಕ್ಟ್ ಆಗೋ ಮುಂಚೆ. ಉದ್ದುದ್ದ ಅಕ್ಷರ ನಂಬರ್ ಇರೋ ವಿಚಿತ್ರ ಹೆಸರಿನ ನೆಟ್‌ವರ್ಕ್ ಫುಲ್ ಸಿಗ್ನಲ್ ತೋರಿಸ್ತಿದ್ಯಾ ನೋಡಿ. ಕಮ್ಮಿ ಬೆಲೆಯ ಎಷ್ಟೋ ಕ್ಯಾಮೆರಾಗಳು ತಮ್ಮದೇ ಹಾಟ್‌ಸ್ಪಾಟ್ ಬಿಡ್ತಾವೆ. ಫೋನ್ ಹಿಡ್ಕೊಂಡು ರೂಮಲ್ಲಿ ಓಡಾಡಿ, ಕಾರಿಡಾರಿಗೆ ಹೋಗಿ ಬನ್ನಿ, ಹೊರಗೆ ಹೋದಾಗ ಸಿಗ್ನಲ್ ಬಿದ್ದು ಒಳಗೆ ಬಂದಾಗ ಏರಿದ್ರೆ ಅದು ನಿಮ್ಮ ರೂಮಲ್ಲೇ ಅಥವಾ ಪಕ್ಕದಲ್ಲೇ ಇದೆ.

ಆಮೇಲೆ ಹೋಟೆಲ್ ವೈಫೈಗೆ ಕನೆಕ್ಟ್ ಆಗಿ ಫಿಂಗ್ ಥರದ ನೆಟ್‌ವರ್ಕ್ ಸ್ಕ್ಯಾನರ್ ಓಡಿಸಿ. ಅದೇ ನೆಟ್‌ವರ್ಕಲ್ಲಿರೋ ಡಿವೈಸ್‌ಗಳ ಲಿಸ್ಟ್ ಬರುತ್ತೆ, ಜೊತೆಗೆ ತಯಾರಕರ ಹೆಸರು. ಕ್ಯಾಮೆರಾ ಕಂಪನಿ ಹೆಸರು ಬಂದ್ರೂ ಅದು ಲಾಬಿಯ ಸಿಸಿಟಿವಿ ಆಗಿರ್ಬಹುದು. ಡಿವೈಸಲ್ಲಿ 554 ಅಥವಾ 8554 ಪೋರ್ಟ್ ಓಪನ್ ಇದೆ ಅಂತ ತೋರಿಸಿದ್ರೆ ಅದು ವಿಡಿಯೋ ಸ್ಟ್ರೀಮ್ ಮಾಡೋ ಆರ್‌ಟಿಎಸ್‌ಪಿ ಇರ್ಬಹುದು, ಇಂಥದ್ದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳಿ. ಪಾಸ್‌ವರ್ಡ್ ಊಹಿಸಿ ಒಳಗೆ ನುಗ್ಗೋಕೆ ಹೋಗ್ಬೇಡಿ, ಆಗ ತಪ್ಪಿತಸ್ಥರು ನೀವೇ ಆಗ್ತೀರ.

ಲಿಸ್ಟಲ್ಲಿ ನಿಮ್ಮ ಫೋನು ಮತ್ತು ರೂಟರ್ ಎರಡೇ ಕಂಡ್ರೆ ಖುಷಿ ಪಡ್ಬೇಡಿ. ದೊಡ್ಡ ಹೋಟೆಲ್‌ಗಳಲ್ಲಿ ಒಬ್ಬ ಅತಿಥಿಯ ಡಿವೈಸ್ ಇನ್ನೊಬ್ಬರಿಗೆ ಕಾಣದ ಹಾಗೆ ಬೇರೆ ಮಾಡಿರ್ತಾರೆ, ಅದು ಒಳ್ಳೇದೇ, ಆದ್ರೆ ಸ್ಕ್ಯಾನರಿಗೆ ಏನೂ ಸಿಗಲ್ಲ. ಕ್ಯಾಮೆರಾ ಬೇರೆ ನೆಟ್‌ವರ್ಕಲ್ಲಿ ಇರ್ಬಹುದು, ಸಿಮ್ ಹಾಕಿರ್ಬಹುದು, ಮೆಮೊರಿ ಕಾರ್ಡಿಗೆ ಮಾತ್ರ ರೆಕಾರ್ಡ್ ಮಾಡ್ತಿರ್ಬಹುದು.

## ಹಂತ 9: ಆರ್‌ಎಫ್ ಡಿಟೆಕ್ಟರ್ ಇದ್ರೆ

ರೇಡಿಯೋ ಸಿಗ್ನಲ್ ಹಿಡಿಯೋ ಸಾಧನ ಇದು, ಇದ್ದವ್ರಿಗೆ ಮಾತ್ರ. ಎಲ್ಲರ ಫೋನ್, ವಾಚ್, ಇಯರ್‌ಬಡ್ ಏರ್‌ಪ್ಲೇನ್ ಮೋಡಿಗೆ ಹಾಕಿ ಬ್ಲೂಟೂತೂ ಆಫ್ ಮಾಡಿ, ಸೆನ್ಸಿಟಿವಿಟಿ ಕಮ್ಮಿ ಇಟ್ಟು ವಸ್ತುಗಳ ಹತ್ರ ಹಿಡಿಯಿರಿ. ಸೆನ್ಸಿಟಿವಿಟಿ ಪೂರ್ತಿ ಏರಿಸಿದ್ರೆ ಪಕ್ಕದ ರೂಮಿನ ರೂಟರಿಗೂ ಕಿರುಚುತ್ತೆ. ಮೆಮೊರಿ ಕಾರ್ಡಿಗೆ ಮಾತ್ರ ಬರೆಯೋ ಕ್ಯಾಮೆರಾ ಇದಕ್ಕೆ ಸಿಗಲ್ಲ.

## ಸುಮ್ಸುಮ್ನೆ ಹೆದರಿಸೋ ವಸ್ತುಗಳು

ಇದನ್ನ ನನ್ನ ಮರ್ಯಾದೆ ಹೋದ ಕಥೆಯಿಂದಾನೇ ಹೇಳ್ತೀನಿ. ಒಂದು ಹೋಟೆಲಲ್ಲಿ ರಾತ್ರಿ ಹನ್ನೊಂದಕ್ಕೆ ಸೀಲಿಂಗ್ ಮೂಲೆಯಲ್ಲಿ ಹಾಲು ಬಣ್ಣದ ಗುಂಡು ಗುಂಡಗಿನ ವಸ್ತು ಕಂಡು, ಕೈ ಆಡಿಸಿದ್ರೆ ಅದರಲ್ಲಿ ಕೆಂಪು ಲೈಟ್ ಮಿಣುಕ್ ಅಂತು, ನಾನು ನೇರ ರಿಸೆಪ್ಷನ್ನಿಗೆ ಇಳಿದು ಜೋರು ಗಲಾಟೆ. ಮೇಲೆ ಬಂದ ಟೆಕ್ನಿಷಿಯನ್ ಹುಡುಗ ಸಮಾಧಾನವಾಗಿ ಅದನ್ನ ಬಿಚ್ಚಿ ತೋರಿಸಿದ: ರೂಮಲ್ಲಿ ಜನ ಇದ್ದಾರಾ ಅಂತ ನೋಡಿ ಎಸಿ ಆಫ್ ಮಾಡೋ ಮೋಷನ್ ಸೆನ್ಸರ್. ಅದರ ಮುಂದಿರೋದು ಗಾಜಿನ ಲೆನ್ಸ್ ಅಲ್ಲ, ಚೌಕಚೌಕ ಗೆರೆ ಇರೋ ಮಬ್ಬು ಪ್ಲಾಸ್ಟಿಕ್, ಮೈ ಬಿಸಿಯ ಚಲನೆ ಮಾತ್ರ ಹಿಡಿಯುತ್ತೆ, ಚಿತ್ರ ತೆಗೆಯಲ್ಲ. ‘ಸಾರ್, ದಿನಕ್ಕೊಬ್ರು ಕೇಳ್ತಾರೆ’ ಅಂದ.

ಹಾಗಾಗಿ ಮಬ್ಬು ಹಾಲು ಬಣ್ಣದ ಗೆರೆಗೆರೆ ಪ್ಲಾಸ್ಟಿಕ್ ಗುಂಡು ಸಾಮಾನ್ಯವಾಗಿ ಮೋಷನ್ ಸೆನ್ಸರ್, ಸ್ಮೋಕ್ ಡಿಟೆಕ್ಟರಲ್ಲಿ ಆಗಾಗ ಮಿಣುಕೋ ಲೈಟ್ ಅದು ಕೆಲಸ ಮಾಡ್ತಿದೆ ಅಂತ. ಆದ್ರೆ ಅದೇ ಪ್ಲಾಸ್ಟಿಕ್ಕಿನ ಮಧ್ಯ ಕಪ್ಪು ತೂತು ಇದ್ದು ಹಂತ 4ರ ಚುಕ್ಕಿ ನಿಂತಲ್ಲೇ ನಿಂತ್ರೆ ಈ ಸಮಾಧಾನ ಎಲ್ಲಾ ಬಿಟ್ಬಿಡಿ.

## ಹಂತ 10: ಸಿಕ್ಕಿತು ಅಂದ್ರೆ

ಕೈ ನಡುಗುತ್ತೆ, ಕಿತ್ತು ಬಿಸಾಕ್ಬೇಕು ಅನ್ಸುತ್ತೆ. ಕೀಳ್ಬೇಡಿ. ಅದರ ಮೇಲೆ ಇಟ್ಟವನ ಬೆರಳಚ್ಚು ಇರ್ಬಹುದು, ಒಳಗಿನ ಕಾರ್ಡಲ್ಲಿ ಸಾಕ್ಷಿ ಇರ್ಬಹುದು. ಮೊದಲು ಅದರ ಪಕ್ಕದಿಂದ ಹೋಗಿ ಫೋಟೋ ಮತ್ತು ವಿಡಿಯೋ ತೆಗೀರಿ: ರೂಮ್ ನಂಬರ್ ಬೋರ್ಡಿಂದ ಶುರು ಮಾಡಿ ಕಟ್ ಮಾಡದೆ ಒಳಗೆ ಬಂದು ಆ ವಸ್ತು ಇರೋ ಜಾಗದವರೆಗೆ ಒಂದೇ ವಿಡಿಯೋ, ಆಮೇಲೆ ಹತ್ತಿರದ ಫೋಟೋಗಳು. ತಕ್ಷಣ ಮನೆಯವರಿಗೋ ಸ್ನೇಹಿತರಿಗೋ ಕಳ್ಸಿ, ನಿಮ್ಮ ಫೋನಲ್ಲಿ ಮಾತ್ರ ಇರೋದು ಬೇಡ.

ಆಮೇಲೆ ವಸ್ತುವನ್ನ ಮುಟ್ಟದೆ ಟವಲ್ ಇಳಿಬಿಟ್ಟು ಮುಚ್ಚಿ (ಸೀಲಿಂಗಲ್ಲಿದ್ರೆ ಅದರ ನೋಟದಿಂದ ಆಚೆ ಬನ್ನಿ ಅಷ್ಟೇ), ಸಾಮಾನು ತಗೊಂಡು ಹೊರಗೆ ಬಂದು ಪೊಲೀಸರಿಗೆ ಫೋನ್ ಮಾಡಿ. ತಡ ಮಾಡ್ಬೇಡಿ, ನೆಟ್‌ಗೆ ಕನೆಕ್ಟ್ ಆಗಿರೋ ಕ್ಯಾಮೆರಾದಲ್ಲಿರೋದನ್ನ ದೂರದಿಂದಲೇ ಅಳಿಸೋಕೂ ಆಗುತ್ತೆ.

ಇಲ್ಲಿ ಜನ ಮಾಡೋ ತಪ್ಪುಗಳು ದುಬಾರಿ. ಸಿಬ್ಬಂದಿ ಕೈಗೆ ಕೊಟ್ಬಿಡೋದು: ‘ನೋಡ್ತೀವಿ ಕೊಡಿ’ ಅಂದವರೇ ಇಟ್ಟವರಾಗಿರ್ಬಹುದು, ಒಳ್ಳೆಯವರೇ ಆದ್ರೂ ಸಾಕ್ಷಿ ಕೈಯಿಂದ ಕೈಗೆ ಹೋಗಿ ಹಾಳಾಗುತ್ತೆ. ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿ ನೋಡೋದು: ಫೈಲ್ ಬದಲಾಗುತ್ತೆ, ‘ನೀವೇ ಹಾಕಿದ್ದು’ ಅನ್ನೋಕೆ ದಾರಿ ಆಗುತ್ತೆ, ಅದರಲ್ಲಿ ಬೇರೆ ಅತಿಥಿಗಳೂ ಇರ್ತಾರೆ ಅನ್ನೋದು ಬೇರೆ. ಪೊಲೀಸರಿಗಿಂತ ಮೊದಲು ಸೋಶಿಯಲ್ ಮೀಡಿಯಾಗೆ ಹಾಕೋದು: ಇಟ್ಟವನಿಗೆ ನೀವೇ ಅಲಾರಂ ಕೊಟ್ಟ ಹಾಗೆ. ಫ್ರೀ ರೂಮ್ ಅಪ್‌ಗ್ರೇಡ್ ಕೊಟ್ರು ಅಂತ ಅದೇ ಹೋಟೆಲಲ್ಲಿ ಉಳ್ಕೊಳ್ಳೋದಂತೂ ಬೇಡ್ವೇ ಬೇಡ.

ಕಾರಿಡಾರ್ ಸಿಸಿಟಿವಿ ಈಗ ನಿಮ್ಮ ಪರ ಸಾಕ್ಷಿ, ರೂಮಿಗೆ ಯಾರು ಯಾರು ಹೋಗಿ ಬಂದ್ರು ಅಂತ ಅದರಲ್ಲಿ ಇರುತ್ತೆ. ಆದ್ರೆ ರೆಕಾರ್ಡರ್ ತುಂಬಿದ ಹಾಗೆ ಹಳೇದರ ಮೇಲೆ ಹೊಸದು ಬರೀತಾ ಹೋಗುತ್ತೆ, ಕೆಲವು ಕಡೆ ಕೆಲವೇ ದಿನಕ್ಕೆ. ಅದಕ್ಕೇ ಅದೇ ದಿನ ಈಮೇಲಲ್ಲಿ ಬರೆದು ಕೇಳಿ: ಇಂಥ ತಾರೀಖಿಂದ ಇಂಥ ತಾರೀಖಿನವರೆಗೆ, ಇಂಥ ಮಹಡಿಯ ಫುಟೇಜ್ ಅಳಿಸದೆ ಇಡಿ, ರೂಮ್ ಕೀ ಕಾರ್ಡ್ ಲಾಗ್ ಕೂಡ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬಿಲ್ಲು, ಬುಕಿಂಗ್ ಕನ್ಫರ್ಮೇಶನ್ ಜೋಪಾನ ಮಾಡಿ, ಬುಕ್ ಮಾಡಿದ ಸೈಟಿಗೂ ಅವರದ್ದೇ ಆಪ್ ಒಳಗಿಂದ ದೂರು ಹಾಕಿ, ದಾಖಲೆ ಉಳಿಯುತ್ತೆ.

## ಏನೂ ಸಿಗ್ಲಿಲ್ಲ, ಆದ್ರೂ ಮನಸ್ಸು ಒಪ್ತಿಲ್ಲ

ಮಂಚಕ್ಕೆ ಮುಖ ಮಾಡಿರೋ ಗಡಿಯಾರ, ಅಡಾಪ್ಟರ್ ಪ್ಲಗ್ ಕಿತ್ತು ಡ್ರಾಯರ್ ಒಳಗೆ ಹಾಕಿ. ಸೆಟ್‌ಟಾಪ್ ಬಾಕ್ಸ್ ಆಫ್ ಮಾಡಿ ಅದರ ಮುಂದೆ ಬ್ಯಾಗ್ ನಿಲ್ಲಿಸಿ. ಸ್ಮಾರ್ಟ್ ಟಿವಿಗೋ ಟ್ಯಾಬ್ಲೆಟಿಗೋ ಕ್ಯಾಮೆರಾ ಇದ್ರೆ ಪೇಪರ್ ಟೇಪ್ ಅಂಟಿಸಿ, ಮಾತಿಗೆ ಉತ್ತರ ಕೊಡೋ ಸ್ಪೀಕರ್ ಇದ್ರೆ ಪ್ಲಗ್ಗೇ ಕೀಳಿ. ಸ್ನಾನ ಕತ್ತಲಲ್ಲಿ ಮಾಡೋಕೆ ಹೋಗಿ ಜಾರಿ ಬೀಳ್ಬೇಡಿ ಮತ್ತೆ.

ಎರಡು ಮೂರು ದಿನ ಇರೋರು ರೂಮ್ ಕ್ಲೀನ್ ಮಾಡಿ ಹೋದ ಮೇಲೆ ಹಂತ 1ರ ಫೋಟೋಗಳನ್ನ ತೆಗೆದು ಅದೇ ಮೂಲೆಯಲ್ಲಿ ನಿಂತು ಹೋಲಿಸಿ ನೋಡಿ, ಎರಡೇ ನಿಮಿಷದ ಕೆಲಸ. ಗಡಿಯಾರ ಒಂದು ಗೇಣು ಸರಿದಿದ್ರೆ ಧೂಳು ಒರೆಸುವಾಗ ಸರಿದಿರುತ್ತೆ ಬಿಡಿ, ಬೆಳಗ್ಗೆ ಇಲ್ದೇ ಇದ್ದ ಅಡಾಪ್ಟರ್ ಸಾಯಂಕಾಲ ಮಂಚದ ಎದುರು ಬಂದು ಕೂತಿದ್ರೆ ಪರದೆ ಎಳೆದು ಮತ್ತೆ ಹಂತ 4ರಿಂದ ಶುರು ಮಾಡಿ.